ಎರಡು ಕೇಂದ್ರಗಳ ನಡುವಿನ ಜೋಳದ ಹೊಲ

ಮಾರ್ಗಶಿರದ ಬೆಳಗು. ಸಂಖದಿಂದ ಉಮದಿಯ ಕಡೆ ಹೊರಟರೆ ರಸ್ತೆಯ ಎರಡೂ ಮಗ್ಗುಲಿಗೆ ಬಿಳಿಜೋಳ ನಿಂತಿದೆ. ಹಳ್ಳದ ದಂಡೆಯ ಎರೆಯಲ್ಲಿ ಬೆಳೆ ಆಳೆತ್ತರ, ಎಲೆ ಅಗಲ, ತೆನೆ ಆಗಲೇ ಹೊರಬಿದ್ದು ಹಾಲು ತುಂಬುತ್ತಿದೆ. ಅದೇ ಹೊಲದಲ್ಲಿ ನೂರು ಹೆಜ್ಜೆ ಮೇಲಕ್ಕೆ ಹತ್ತಿದರೆ ಮಣ್ಣಿನ ಬಣ್ಣ ತಿಳಿಯಾಗಿ, ಕಾಲಿಗೆ ಗರಸು ಸಿಗುತ್ತದೆ. ಅಲ್ಲಿ ಜೋಳ ಸೊಂಟಕ್ಕೂ ಬಂದಿಲ್ಲ. ಬಿಸಿಲೇರುವ ಮೊದಲೇ ಎಲೆ ಸುರುಳಿ ಸುತ್ತಿಕೊಂಡಿದೆ. ಮತ್ತೂ ಮೇಲೆ ಮಡ್ಡಿ, ಅದರ ತುದಿಗೆ ಹುಲ್ಲು ಮೇಯುವ ಮಾಡಗ್ಯಾಳ ಕುರಿಗಳು. ಉದ್ದ ಕಾಲು, ಗಿಳಿಮೂಗಿನ ಹಾಗೆ ಬಾಗಿದ ಮೂಗು. ಈ ಜತ್ತ ತಾಲ್ಲೂಕಿನದೇ ಒಂದು ಊರಿನ ಹೆಸರು ಹೊತ್ತ ತಳಿ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ವಿಜಯಪುರದ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವವರು ಈ ಹೊಲಗಳ ಬದು ಹಿಡಿದೇ ದಾಟುತ್ತಾರೆ.

ಉತ್ತರಿ, ಹಸ್ತದ ಮಳೆ ಬಿದ್ದದ್ದಷ್ಟೆ. ಆಮೇಲೆ ಮುಗಿಲಿನಿಂದ ಈ ಬೆಳೆಗೆ ದೊಡ್ಡ ಋಣವೇನೂ ಇಲ್ಲ. ಎರೆಮಣ್ಣು ತನ್ನೊಳಗೆ ಹಿಡಿದಿಟ್ಟುಕೊಂಡ ತೇವವನ್ನು ಬೇರು ದಿನದಿನಕ್ಕೆ ಇನ್ನಷ್ಟು ಆಳಕ್ಕೆ ಹುಡುಕಿಕೊಂಡು ಹೋಗಬೇಕು. ಮಣ್ಣು ಎಷ್ಟು ಆಳವೋ ಬೆಳೆಯ ಆಯುಷ್ಯ ಅಷ್ಟು. ಜತ್ತದ ಬದುಕಿನ ಲೆಕ್ಕವೆಲ್ಲ ಇದರಲ್ಲೇ ಇದೆ.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ತುದಿಯ ಈ ತಾಲ್ಲೂಕು ಮಳೆ ನೆರಳಿನ ಸೀಮೆ. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ, ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ತೆಂಕಣಕ್ಕೆ ಅಥಣಿ, ಮೂಡಣಕ್ಕೆ ವಿಜಯಪುರ ಮತ್ತು ಇಂಡಿ, ಬಡಗಣಕ್ಕೆ ಮಂಗಳವೇಢೆ, ಸಾಂಗೋಲೆ. ಕಚೇರಿಯ ಕಾಗದ ಮರಾಠಿಯಲ್ಲಿ, ಹೊಲದ ಮಾತು ಕನ್ನಡದಲ್ಲಿ. ನಕಾಶೆಯಲ್ಲಿ ಸೊಲ್ಲಾಪುರದಿಂದ ವಿಜಯಪುರಕ್ಕೊಂದು ಗೆರೆ ಎಳೆದರೆ ಜತ್ತ ಅದರ ಪಡುವಣ ಮಗ್ಗುಲಿಗೆ, ಎರಡೂ ಊರು ಕೈಗೆಟುಕುವಷ್ಟು ದೂರದಲ್ಲಿ ಕೂತಿದೆ. ನಾನು ಹೇಳಹೊರಟಿರುವ ಕಥೆ ಆ ಎರಡು ಊರಿನ ಸಂಶೋಧನಾ ಕೇಂದ್ರಗಳದ್ದು. ಬೇರೆ ಬೇರೆ ಶಾಸ್ತ್ರ ಓದಿದವರು, ಬೇರೆ ಬೇರೆ ಸಂಸ್ಥೆಯ ಸಂಬಳ ಪಡೆಯುವವರು, ಇಂಥ ಹೊಲವೊಂದರ ಮುಂದೆ ನಿಂತು ಒಟ್ಟಿಗೆ ಕೆಲಸ ಮಾಡಲು ಹೇಗೆ ಕಲಿತರು ಎಂಬುದು.

ಪುಣೆ ಹತ್ತಿರದ ಮಾಂಜರಿಯಲ್ಲಿ 1923ರಲ್ಲಿ ವಿ. ಎ. ತಮ್ಹಣೆ ಒಣಬೇಸಾಯದ ಪ್ರಯೋಗ ಆರಂಭಿಸಿದರು. ಎನ್. ವಿ. ಕಾನಿಟ್ಕರ್ ಅದನ್ನು ಮುಂದುವರಿಸಿದರು. ಮುಂಬಯಿ ಪ್ರಾಂತದ ಬರಸೀಮೆಗೆ ಪುಣೆಯ ಪ್ರಯೋಗ ಸಾಲದು ಎಂದು ಕಂಡಾಗ 1933ರಲ್ಲಿ ಸೊಲ್ಲಾಪುರ ಮತ್ತು ಬಿಜಾಪುರಗಳಲ್ಲಿ (ಇಂದಿನ ವಿಜಯಪುರ) ಕೇಂದ್ರಗಳು ತೆರೆದವು. ಹಣ ಕೊಟ್ಟದ್ದು ಆಗಿನ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿ. ಬಳ್ಳಾರಿ ಸೀಮೆಯ ಹಗರಿ, ರಾಯಚೂರು, ಆಗಿನ ಪಂಜಾಬಿನ ರೋಹ್ಟಕ್ ಕೂಡ ಆ ಸಾಲಿನಲ್ಲಿದ್ದವು. ಜತ್ತ ಆಗ ಡಫಳೆ ಮನೆತನದ ಪುಟ್ಟ ಸಂಸ್ಥಾನ. ಒಂದೇ ಪ್ರಾಂತದ ಎರಡು ಕೇಂದ್ರಗಳು, ಒಂದೇ ಬಗೆಯ ಎರೆ, ಒಂದೇ ಹಿಂಗಾರಿ ಜೋಳ.

ಈ ಕೇಂದ್ರಗಳ ಕೆಲಸದಿಂದ ಮೂಡಿದ್ದಕ್ಕೆ ‘ಮುಂಬಯಿ ಒಣಬೇಸಾಯ ಪದ್ಧತಿ’ ಎಂಬ ಹೆಸರು ಬಂತು. ಹೊಲಕ್ಕೆ ಒಡ್ಡು ಹಾಕು, ಮೂರು ವರ್ಷಕ್ಕೊಮ್ಮೆ ನೇಗಿಲು ಹೊಡೆ, ತಿಪ್ಪೆಗೊಬ್ಬರ ಕೊಡು, ಬೀಜ ಕಡಿಮೆ ಮಾಡಿ ಸಾಲು ಅಗಲಿಸು, ಎಡೆ ಹೊಡೆಯುವುದನ್ನು ತಪ್ಪಿಸಬೇಡ. ಕೊನೆಯ ಮಾತು ಈ ಸೀಮೆಯ ರೈತರಿಗೆ ಹೊಸದಲ್ಲ. ಎರೆ ಒಣಗುತ್ತ ಬಂದಂತೆ ಬಾಯಿ ಬಿಡುತ್ತದೆ, ಆ ಬಿರುಕಿನಿಂದ ತೇವ ಹಾರಿಹೋಗುತ್ತದೆ, ಎಡೆಕುಂಟಿ ಹೊಡೆದರೆ ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚುತ್ತದೆ ಎಂಬುದು ಅಜ್ಜನ ಕಾಲದ ತಿಳಿವಳಿಕೆ. ಮಣ್ಣಿನ ತೇವ ಅಳೆಯುವವರು ಅದಕ್ಕೆ ಅಂಕಿ ಒದಗಿಸಿದರು. ಆದರೂ ಇಡೀ ಪದ್ಧತಿಯಿಂದ ಹೆಚ್ಚಿದ ಇಳುವರಿ ಶೇಕಡಾ 15ರಿಂದ 20. ಎಕರೆಗೆ ಒಂದೆರಡು ಚೀಲ ಬೆಳೆಯುವವನಿಗೆ ಅಷ್ಟಕ್ಕಾಗಿ ಒಡ್ಡಿನ ಖರ್ಚು ಹೊರುವುದು ಭಾರವಾಯಿತು. ಪದ್ಧತಿ ಪುಸ್ತಕದಲ್ಲಿ ಬೆಳೆದಷ್ಟು ಹೊಲದಲ್ಲಿ ಬೆಳೆಯಲಿಲ್ಲ.

ಒಡ್ಡಿನ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ಮಣ್ಣಿನ ಏರಿ ಹಾಕಿದರೆ ನೀರು ನಿಲ್ಲುತ್ತದೆ, ಮಣ್ಣು ಉಳಿಯುತ್ತದೆ ಎಂಬುದು ಎಂಜಿನಿಯರರ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಕೆಂಪು ಮಣ್ಣಿನಲ್ಲಿ ಅದು ಫಲ ಕೊಟ್ಟಿತು. ಆಳವಾದ ಎರೆಯಲ್ಲಿ ಮಾತ್ರ ಬೇಸಿಗೆಯಲ್ಲಿ ಒಡ್ಡೇ ಬಿರಿಯಿತು; ಮೊದಲ ದೊಡ್ಡ ಮಳೆಗೆ ಆ ಬಿರುಕಿನಲ್ಲಿ ನೀರು ನುಗ್ಗಿ ಒಡ್ಡು ಕಿತ್ತು ಹೋಯಿತು. ಕೀಳದೆ ಉಳಿದ ಕಡೆ ಮೇಲ್ಮಗ್ಗುಲಲ್ಲಿ ನೀರು ಮಡುಗಟ್ಟಿ ಬೆಳೆ ಹಳದಿಯಾಯಿತು. 1954ರಲ್ಲಿ ಆರಂಭವಾದ ಬಳ್ಳಾರಿಯ ಮಣ್ಣು ಮತ್ತು ನೀರು ಸಂರಕ್ಷಣಾ ಕೇಂದ್ರದಂಥ ಕಡೆ ಎಂಜಿನಿಯರರೂ ಮಣ್ಣಿನ ಶಾಸ್ತ್ರದವರೂ ಒಂದೇ ಏರಿಯ ಮೇಲೆ ನಿಂತು ನೋಡಿದ ಮೇಲೆ, ಎರೆಗೆ ಸಮಪಾತಳಿಯ ಒಡ್ಡು ಹೊಂದದು, ಹೆಚ್ಚುವರಿ ನೀರು ಮೆಲ್ಲಗೆ ಹರಿದು ಹೋಗುವಂತೆ ತುಸು ಇಳಿಜಾರು ಇಟ್ಟ ಒಡ್ಡು ಬೇಕು ಎಂಬ ಮಾತಿಗೆ ಬಂದರು. ಇಬ್ಬರೂ ತಂತಮ್ಮ ಶಾಸ್ತ್ರದಲ್ಲಿ ಗಟ್ಟಿಗರು. ಒಡ್ಡು ಕಣ್ಣೆದುರು ಕಿತ್ತುಹೋಗುವವರೆಗೆ ಒಬ್ಬರ ಮಾತು ಇನ್ನೊಬ್ಬರಿಗೆ ಬೇಕಾಗಿರಲಿಲ್ಲ.

1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಬಿಜಾಪುರ ಮೈಸೂರು ರಾಜ್ಯಕ್ಕೆ ಬಂತು, ಸೊಲ್ಲಾಪುರ ಮುಂಬಯಿಯಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಒಂದೇ ಪ್ರಾಂತದ ಎರಡು ಕೇಂದ್ರಗಳಿಗೆ ಎರಡು ಸರಕಾರ, ಎರಡು ಖಜಾನೆ. ಮುಂದೆ ಒಂದು ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಕೈಗೆ, ಇನ್ನೊಂದು ಮೊದಲು ಬೆಂಗಳೂರಿನ, 1986ರಿಂದ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೈಗೆ ಹೋದವು. ಗಡಿಯ ಗದ್ದಲದ ಇತಿಹಾಸದಲ್ಲಿ ಭಾಷೆ, ಊರು, ನೀರು ಎಲ್ಲದರ ಪ್ರಸ್ತಾಪ ಬರುತ್ತದೆ. ಹಾಗೆ ಬೇರೆಯಾದ ಎರಡು ಪ್ರಯೋಗದ ಹೊಲಗಳ ನೆನಪು ಯಾರಿಗೂ ಆಗುವುದಿಲ್ಲ. ನನಗೆ ಅದು ದೊಡ್ಡ ನಷ್ಟವಾಗಿ ಕಾಣುತ್ತದೆ.

ಅವನ್ನು ಮತ್ತೆ ಒಂದು ದಾರಕ್ಕೆ ಪೋಣಿಸಿದ್ದು 1970ರಲ್ಲಿ ಆರಂಭವಾದ ಅಖಿಲ ಭಾರತ ಸುಸಂಘಟಿತ ಒಣಬೇಸಾಯ ಸಂಶೋಧನಾ ಯೋಜನೆ. ಕೆನಡಾ ದೇಶದ ನೆರವಿತ್ತು, ಮುಖ್ಯ ಕಚೇರಿ ಹೈದರಾಬಾದಿನಲ್ಲಿ. ಜೋಳಕ್ಕೂ ಅಂಥದೇ ಸುಸಂಘಟಿತ ಯೋಜನೆ ಬಂತು. ಈ ವ್ಯವಸ್ಥೆಯ ಕಟ್ಟು ಹೊರಗಿನವರಿಗೆ ಕಾಣುವುದಿಲ್ಲ. ಅದರ ಜಾಣ್ಮೆ ಇರುವುದು ಸಣ್ಣ ಸಣ್ಣ ಶಿಸ್ತಿನಲ್ಲಿ. ಪರೀಕ್ಷೆಗೆ ಬಂದ ತಳಿಗಳಿಗೆ ತವರಿನ ಹೆಸರು ಇರುವುದಿಲ್ಲ, ಯೋಜನೆಯ ಅಂಕಿ ಇರುತ್ತದೆ. ಒಂದೇ ಬೀಜದ ಪೊಟ್ಟಣ ಸೊಲ್ಲಾಪುರಕ್ಕೂ ವಿಜಯಪುರಕ್ಕೂ ಇತರ ಕೇಂದ್ರಗಳಿಗೂ ಹೋಗುತ್ತದೆ. ಎಲ್ಲ ಕಡೆಯೂ ಒಂದೇ ನಕ್ಷೆಯ ತಾಕು, ಒಂದೇ ಬಗೆಯ ದಾಖಲೆ, ಹೋಲಿಸಲು ಒಂದೇ ತಳಿ. ವರ್ಷಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರುತ್ತಾರೆ. ತಳಿ ಮಾಡುವವರು, ಬೇಸಾಯ ಶಾಸ್ತ್ರದವರು, ರೋಗ ನೋಡುವವರು, ಕೀಟ ನೋಡುವವರು ಮೊದಲು ತಮ್ಮ ತಮ್ಮೊಳಗೆ, ಆಮೇಲೆ ಎಲ್ಲರೂ ಕೂಡಿ ಕೂರುತ್ತಾರೆ. ಹತ್ತು ವರ್ಷ ಮುಡಿಪಿಟ್ಟು ಬೆಳೆಸಿದ ತಳಿಯನ್ನು ರೋಗತಜ್ಞರ ಒಂದು ಕೋಷ್ಟಕ ಅಲ್ಲೇ ಕೆಡವಬಹುದು. ಅದನ್ನು ಸಹಿಸಿಕೊಂಡು ಮರುವರ್ಷ ಅದೇ ರೋಗತಜ್ಞರ ಪಕ್ಕ ಕೂರಲು ಬರುವುದೇ ಈ ಪಾಠದ ಕಷ್ಟದ ಭಾಗ.

ಹೋಲಿಕೆಗೆ ಇಡುವ ತಳಿಯ ಹೆಸರು ಎಂ 35-1. ಊರಿನವರ ಬಾಯಲ್ಲಿ ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ನಾಟಿ ಮಾಲದಂಡಿಯಿಂದಲೇ ಆರಿಸಿ ತೆಗೆದ ತಳಿ. ಮುತ್ತಿನಂಥ ಕಾಳು, ರೊಟ್ಟಿಗೆ ರುಚಿ, ದನಕ್ಕೆ ಇಷ್ಟವಾಗುವ ಕಣಕಿ. ಹೊಸ ತಳಿಗಳು ಕಾಳಿನ ತೂಕದಲ್ಲಿ ಅದನ್ನು ಮೀರಿಸಿದ್ದುಂಟು. ಹಿಂಗಾರಿ ಸೀಮೆಯ ಹೊಲದಿಂದ ಅದನ್ನು ಹೊರಹಾಕಲು ದಶಕಗಳವರೆಗೆ ಯಾವುದಕ್ಕೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹುಡುಕುತ್ತ ಹೋದದ್ದೇ ಈ ಶಾಸ್ತ್ರಗಳನ್ನು ಹತ್ತಿರ ತಂದಿತು ಎಂದು ನನ್ನ ನಂಬಿಕೆ.

ಒಂದು ಕಾರಣ ನೆಲದಲ್ಲೇ ಇತ್ತು. ಕಾಳು ಗಟ್ಟಿಯಾಗುವ ಹೊತ್ತಿಗೆ, ಇನ್ನೇನು ರಾಶಿ ಎನ್ನುವಾಗ, ಜೋಳ ಇದ್ದಕ್ಕಿದ್ದಂತೆ ಮಲಗುತ್ತದೆ. ಬಿದ್ದ ದಂಟನ್ನು ಬುಡದ ಬಳಿ ಸೀಳಿದರೆ ಒಳಗಿನ ಬೆಂಡು ಮಾಯವಾಗಿ ಬರೀ ನಾರು ಉಳಿದಿರುತ್ತದೆ. ನಾರಿಗೆಲ್ಲ ಇದ್ದಿಲ ಪುಡಿ ಮೆತ್ತಿದಂತೆ ಕರಿ ಚುಕ್ಕೆ. ಇದ್ದಿಲು ಕೊಳೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಬೇರಿನಿಂದ ಏರುತ್ತದೆ. ರೋಗ ಎಂದ ಮೇಲೆ ರೋಗತಜ್ಞರ ಕೆಲಸ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅದೇ ಶಿಲೀಂಧ್ರ ಅದೇ ಮಣ್ಣಿನಲ್ಲಿ ತೇವ ಇರುವವರೆಗೆ ತೆಪ್ಪಗಿರುತ್ತದೆ. ಹೂ ಬಿಟ್ಟ ಮೇಲೆ ನೀರು ತೀರಿ, ಬಿಸಿಲೇರಿದಾಗಲೇ ಮೇಲೆ ಬೀಳುತ್ತದೆ. ಬೇಸಾಯ ತಜ್ಞರು ಇಳುವರಿಗಾಗಿ ಎಕರೆಗೆ ಸಸಿ ಹೆಚ್ಚಿಸಿ, ಸಾರಜನಕ ಕೊಟ್ಟರು. ಸೊಂಪಾಗಿ ಬೆಳೆದ ಎಲೆಗಳು ಮಣ್ಣಿನ ನೀರನ್ನು ಬೇಗ ಕುಡಿದು ಮುಗಿಸಿದವು. ತಳಿತಜ್ಞರು ದೊಡ್ಡ ತೆನೆಯ ಗಿಡ ಆರಿಸಿದರು. ನೀರು ಸಾಲದಾಗ ಆ ತೆನೆ ದಂಟಿನ ಸತ್ವವನ್ನೇ ಹೀರಿಕೊಂಡಿತು, ದಂಟು ಸೋತಿತು. ಒಬ್ಬರ ಗೆಲುವು ಇನ್ನೊಬ್ಬರ ರೋಗ. ಇದನ್ನು ಯಾವ ಒಂದು ಶಾಸ್ತ್ರವೂ ತನ್ನ ಕೋಣೆಯಲ್ಲಿ ಕೂತು ಕಾಣಲಾರದು. ಮಣ್ಣಿನ ತೇವದ ವಹಿ, ಸಸಿ ಎಣಿಕೆ, ಬಿದ್ದ ದಂಟಿನ ಎಣಿಕೆ ಮೂರೂ ಒಂದೇ ತಾಕಿನಿಂದ ಬರಬೇಕು. ಹಾಗೆ ಬಂದಾಗ, ಕಡಿಮೆ ಸಸಿ, ಅಗಲ ಸಾಲು ಎಂಬ 1930ರ ದಶಕದ ಮಾತಿಗೂ ಹೊಸ ಅರ್ಥ ಬಂತು. ಕಾಳು ಕಟ್ಟುವವರೆಗೂ ಎಲೆ ಹಸಿರಾಗಿ ಉಳಿಯುವ ಗುಣವನ್ನು ತಳಿಯಲ್ಲಿ ಹುಡುಕುವುದು ಮುಖ್ಯ ಕೆಲಸವಾಯಿತು.

ಇನ್ನೊಂದು ಕಾರಣ ಬಣವಿಯಲ್ಲಿತ್ತು. 1972ರಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಆರಂಭವಾಯಿತು. ಆಗ ಈ ಸೀಮೆ ದೊಡ್ಡ ಬರದೊಳಗೆ ಇತ್ತು. 1975ರಲ್ಲಿ ಇಕ್ರಿಸ್ಯಾಟ್ ಆರು ಹಳ್ಳಿಗಳನ್ನು ಆರಿಸಿ ಮನೆ ಮನೆಯ ಲೆಕ್ಕ ಬರೆಯತೊಡಗಿತು. ಅವುಗಳಲ್ಲಿ ಎರಡು, ಶಿರಾಪುರ ಮತ್ತು ಕಲಮಣ, ಸೊಲ್ಲಾಪುರ ಜಿಲ್ಲೆಯವು. ಈ ಅಧ್ಯಯನದ ಬೆನ್ನೆಲುಬು ದೊಡ್ಡ ಹೆಸರಿನ ಅರ್ಥಶಾಸ್ತ್ರಜ್ಞರಲ್ಲ. ಹಳ್ಳಿಯಲ್ಲೇ ಮನೆ ಮಾಡಿ ಉಳಿದ ತರುಣರು, ಹಳ್ಳಿಗಾಡಿನಿಂದಲೇ ಬಂದ ಕೃಷಿ ಪದವೀಧರರು. ಮೂರು ನಾಲ್ಕು ವಾರಕ್ಕೊಮ್ಮೆ ಅದದೇ ಮನೆಯ ಕಟ್ಟೆಗೆ ಹೋಗಿ ಏನು ಬಿತ್ತಿದಿರಿ, ಯಾರನ್ನು ಕೂಲಿಗೆ ಕರೆದಿರಿ, ಏನು ಮಾರಿದಿರಿ, ಏನು ಸಾಲ ತಂದಿರಿ ಎಂದು ಕೇಳಿ ಬರೆದರು. ಹತ್ತು ವರ್ಷ. ಥಾಮಸ್ ವಾಕರ್ ಮತ್ತು ಜೇಮ್ಸ್ ರಯಾನ್ 1990ರಲ್ಲಿ ತಂದ ಪುಸ್ತಕದ ಆಧಾರ ಆ ವಹಿಗಳೇ. ಕಾಳಿನ ಜೊತೆ ಕಣಕಿಯೂ ರೈತನ ಆದಾಯದಲ್ಲಿ ದೊಡ್ಡ ಪಾಲು ಎಂಬ ವಿಷಯ, ಕಾಳನ್ನಷ್ಟೇ ತೂಗುತ್ತಿದ್ದ ತಳಿತಜ್ಞರಿಗೆ ಇಂಥ ಲೆಕ್ಕಗಳಿಂದ ಮುಟ್ಟಿತು. ಗಿಡ್ಡ ತಳಿ ಎಷ್ಟೇ ಕಾಳು ಕೊಡಲಿ, ರೈತ ಯಾಕೆ ಒಲ್ಲೆ ಎನ್ನುತ್ತಾನೆ ಎಂಬುದು ಆಗ ತಿಳಿಯಿತು.

ಜತ್ತದ ಹೊಲದಲ್ಲಿ ಈ ಮಾತು ತೆಗೆದರೆ ಮುದುಕರೊಬ್ಬರು ಕುಂಟೆಯ ಮೇಲೆ ಕೈಯಿಟ್ಟು ಹೇಳುತ್ತಾರೆ: ‘ಕಾಳು ನಮಗಾತ್ರಿ ಸರ, ಕಣಕಿ ಎತ್ತಿಗಿ. ಎತ್ತು ಉಪಾಸ ಬಿದ್ದಮ್ಯಾಲ ಮುಂದಿನ ಹಸ್ತಕ್ಕ ಕೂರಿಗಿ ಎಳಿಯಾವ್ರು ಯಾರ್ರಿ?’

‘ಹಂಗಾರ ಹೊಸಾ ಬೀಜ ಬ್ಯಾಡ ಅಂತೀರೇನು ಮುತ್ಯಾ?’

‘ಬ್ಯಾಡ ಅನ್ನಂಗಿಲ್ಲಪಾ. ನಮ್ಮ ಹೊಲ ನೋಡಿ ಕೊಡ್ರಿ ಅಂತೀವಿ. ಕೆಳಗ ಯರಿ ಐತಿ, ಮ್ಯಾಲ ಮಡ್ಡಿ ಐತಿ.’

ಅವರ ಈ ಬೇಡಿಕೆಗೆ ಉತ್ತರ ಬಂದದ್ದು ಈಚಿನ ದಶಕಗಳಲ್ಲಿ. ರಾಹುರಿಯ ವಿದ್ಯಾಪೀಠದ ಜೋಳದ ತಳಿಗಳಲ್ಲಿ ತೆಳು ಮಣ್ಣಿಗೆ ಫುಲೆ ಅನುರಾಧಾ, ಮಧ್ಯಮ ಮಣ್ಣಿಗೆ ಫುಲೆ ಸುಚಿತ್ರಾ, ಆಳವಾದ ಎರೆಗೆ ಫುಲೆ ವಸುಧಾ ಎಂದು ಶಿಫಾರಸು ಇದೆ. ಮಣ್ಣಿನ ಆಳ ನೋಡಿ ತಳಿ ಕೊಡುವುದೆಂದರೆ, ತಳಿತಜ್ಞರು ಮಣ್ಣಿನವರ ಮಾತನ್ನು ಆರಂಭದಿಂದಲೇ ತಮ್ಮ ಕೆಲಸದೊಳಗೆ ತೆಗೆದುಕೊಂಡರು ಎಂದು ಅರ್ಥ. ವಿಜಯಪುರದ ಕೇಂದ್ರ ಬಿಜೆವಿ-44 ಕೊಟ್ಟಿದೆ. ಬೀಗತನ ಗಡಿ ನೋಡುವುದಿಲ್ಲವಾದ್ದರಿಂದ ಬೀಜವೂ ನೋಡುವುದಿಲ್ಲ. ಉಮದಿಯ ಸೊಸೆಯ ತವರು ಇಂಡಿಯಲ್ಲಿದ್ದರೆ ಆ ಊರಿನ ಬೀಜ ಈ ಊರಿನ ಕೂರಿಗೆಗೆ ಬರುವುದು ಸಹಜ.

ಮುಂಗಾರಿನ ಪಾಳಿನ ಪ್ರಶ್ನೆಯೂ ಇಲ್ಲಿ ಹೇಳಬೇಕಾದದ್ದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೀಳುವ ನಾಲ್ಕು ತಿಂಗಳು ಎರೆಹೊಲ ಬರಿದಾಗಿ ಬಿದ್ದಿರುತ್ತದೆ. ಮಳೆ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ. ಹೊರಗಿನಿಂದ ಬಂದ ಪಂಡಿತರಿಗೆ ಇದು ಸೋಮಾರಿತನವಾಗಿ ಕಂಡಿತ್ತು. ಕೃಷಿ ಹವಾಮಾನ ತಜ್ಞ ಎಸ್. ಎಂ. ವಿರ್ಮಾನಿ ಸೊಲ್ಲಾಪುರ ಮತ್ತು ಹೈದರಾಬಾದಿನ ಹಲವು ದಶಕಗಳ ಮಳೆಯ ದಾಖಲೆಯನ್ನು ವಾರ ವಾರಕ್ಕೆ ಬಿಡಿಸಿ ಹೋಲಿಸಿದರು. ವರ್ಷದ ಸರಾಸರಿ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಆದರೆ ಜೂನಿನ ನಡುವಿನಿಂದ ಹೈದರಾಬಾದಿನ ಮಳೆಯನ್ನು ನಂಬಿ ಬಿತ್ತಬಹುದು, ಸೊಲ್ಲಾಪುರದ ಮಳೆಯನ್ನು ನಂಬುವಂತಿಲ್ಲ. ಸೆಪ್ಟೆಂಬರಿನ ಮಳೆಯೇ ಅಲ್ಲಿ ಗಟ್ಟಿ. ಅಂದರೆ ರೈತ ಹೊಲ ಬರಿದು ಬಿಟ್ಟು ನೀರನ್ನು ಮಣ್ಣಿನಲ್ಲಿ ಕೂಡಿಡುತ್ತಿದ್ದ. ಇದೇ ವಿರ್ಮಾನಿ 1980ರಲ್ಲಿ ಅರ್ಥಶಾಸ್ತ್ರಜ್ಞ ಹಾನ್ಸ್ ಬಿನ್ಸ್‌ವ್ಯಾಂಗರ್ ಮತ್ತು ಎಂಜಿನಿಯರ್ ಜೇಕಬ್ ಕಾಂಪೆನ್ ಜೊತೆ ಕೂಡಿ ಇಕ್ರಿಸ್ಯಾಟ್‌ನ ಒಂದು ಸಂಶೋಧನಾ ಪುಸ್ತಿಕೆ ಬರೆದರು. ಮಳೆ, ಹಣ, ನೇಗಿಲು ಮೂರನ್ನೂ ಓದಿದವರ ಹೆಸರು ಒಂದೇ ಮುಖಪುಟದ ಮೇಲೆ. ಪಟಾನ್‌ಚೆರುವಿನಲ್ಲಿ ರೂಪಿಸಿದ ಅಗಲ ಏರುಮಡಿಯ ಬೇಸಾಯ ನಂಬುಗೆಯ ಮಳೆಯ ಆಳ ಎರೆಗೆ ಮಾತ್ರ, ಸೊಲ್ಲಾಪುರದಂಥ ಸೀಮೆಗಲ್ಲ ಎಂದು ಗೆರೆ ಎಳೆಯಲು ಸಾಧ್ಯವಾದದ್ದು ಈ ಬಗೆಯ ಕೂಡುಗೆಲಸದಿಂದ. ತಮ್ಮ ಸಾಧನೆ ಎಲ್ಲಿ ಹೊಂದುವುದಿಲ್ಲ ಎಂದು ತಾವೇ ಹೇಳುವ ತಂಡವನ್ನು ನಾನು ಗೌರವಿಸುತ್ತೇನೆ.

ಇದೇ ಸಾಂಗಲಿ ಜಿಲ್ಲೆಯಲ್ಲಿ, ಮಿರಜ ತಾಲ್ಲೂಕಿನ ಕುಪವಾಡದಲ್ಲಿ, ಭಾಷಾಶಾಸ್ತ್ರದವರು ಕಂಡ ಒಂದು ಸಂಗತಿ ಈ ಕೂಡುಗೆಲಸಕ್ಕೆ ಹತ್ತಿರದ್ದು. ಇಂದು ಕುಪವಾಡ ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯ ಭಾಗ, ಕಾರ್ಖಾನೆಗಳ ಊರು. 1960ರ ದಶಕದಲ್ಲಿ ಅದು ಸುಮಾರು ಮೂರು ಸಾವಿರ ಜನರ ಹಳ್ಳಿ. ಜೈನರು, ಲಿಂಗಾಯತರ ಮನೆಯಲ್ಲಿ ಕನ್ನಡ, ಮುಸಲ್ಮಾನರಲ್ಲಿ ಉರ್ದು, ಇನ್ನು ಕೆಲವರಲ್ಲಿ ಮರಾಠಿ, ಹಗ್ಗ ಹೊಸೆಯುವವರಲ್ಲಿ ತೆಲುಗು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದು ಇದು: ಶತಮಾನಗಳ ಕೂಡುಬಾಳ್ವೆಯಲ್ಲಿ ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯದ ಕಟ್ಟು ಒಂದಕ್ಕೊಂದು ಹೊಂದುವಷ್ಟು ಹತ್ತಿರ ಬಂದಿತ್ತು. ಶಬ್ದಗಳನ್ನು ಮಾತ್ರ ಪ್ರತಿಯೊಬ್ಬರೂ ತಮ್ಮವನ್ನೇ ಉಳಿಸಿಕೊಂಡಿದ್ದರು. ಯಾರೂ ಮನೆಮಾತು ಬಿಡಲಿಲ್ಲ, ಆದರೂ ಊರಿನ ವ್ಯವಹಾರ ತಡೆಯಿಲ್ಲದೆ ನಡೆಯಿತು. ಗಂಪರ್ಜ್ ಮೊದಲು ರಸಾಯನಶಾಸ್ತ್ರ ಓದಿ ಆಮೇಲೆ ಭಾಷೆಯ ಕಡೆ ಬಂದವರು. 1950ರ ದಶಕದಲ್ಲಿ ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಬಹುಶಾಸ್ತ್ರ ತಂಡದಲ್ಲಿ ದುಡಿದವರು. ಜೋಳದ ಕೇಂದ್ರಗಳಲ್ಲಿ ಆದದ್ದನ್ನೂ ನಾನು ಹೀಗೇ ನೋಡುತ್ತೇನೆ. ರೋಗತಜ್ಞ ತಳಿತಜ್ಞನಾಗಬೇಕಿಲ್ಲ, ಅರ್ಥಶಾಸ್ತ್ರಜ್ಞ ಮಣ್ಣು ಅಗೆಯಬೇಕಿಲ್ಲ. ಒಂದೇ ತಾಕು, ಒಂದೇ ಹಂಗಾಮು, ಒಂದೇ ವಹಿ ಇದ್ದರೆ ಅವರ ಮಾತಿನ ಕಟ್ಟು ತಾನಾಗಿ ಹೊಂದುತ್ತದೆ. ಅದಕ್ಕೆ ಕಾಲ ಬೇಕು. ಮೂರು ವರ್ಷದ ಅನುದಾನಕ್ಕೆ ಅಷ್ಟು ಕಾಲವಿಲ್ಲ. ಹೊಸ ಯೋಜನೆಗಳನ್ನು ಕಂಡಾಗ ನನಗಾಗುವ ಆತಂಕ ಇದೇ.

ಜತ್ತ ಈಗ ಬದಲಾಗುತ್ತಿದೆ. ಮಡ್ಡಿಯ ಮೇಲೆ ದಾಳಿಂಬೆ, ಹನಿ ನೀರಾವರಿಯಲ್ಲಿ ದ್ರಾಕ್ಷಿ, ಒಣದ್ರಾಕ್ಷಿಯ ಚಪ್ಪರ. ದಾಳಿಂಬೆಗೆ ಬರುವ ದುಂಡಾಣು ರೋಗಕ್ಕೆ ಇಲ್ಲಿನವರು ಮರಾಠಿಯಿಂದ ತೇಲ್ಯಾ ಎನ್ನುತ್ತಾರೆ. ಕಾಯಿಯ ಮೇಲೆ ಎಣ್ಣೆ ಬಿದ್ದಂತೆ ಕಲೆ. 2022ರ ಕೊನೆಯಲ್ಲಿ ನೀರಿಗಾಗಿ ಈ ತಾಲ್ಲೂಕಿನ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದಿನವೂ ಬಂತು. ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ತಿಕ್ಕುಂಡಿಯ ಕಡೆ ಹರಿಯಿತು, ಮಹಾರಾಷ್ಟ್ರ ಮೈಸಾಳ ಯೋಜನೆಯ ವಿಸ್ತರಣೆಯನ್ನು ಮುಂದಕ್ಕೊಯ್ದಿತು. ನೀರು ಬರಲಿ, ಬರಲೇಬೇಕು. ಹತ್ತು ತಲೆಮಾರು ಕಾದ ನೆಲ ಇದು.

ಆದರೆ ಎರೆಗೆ ನೀರು ಬಂದಾಗ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಇದೇ ಜಿಲ್ಲೆಯ ಕೃಷ್ಣಾ ದಂಡೆಯಲ್ಲಿ, ಕಬ್ಬಿಗೆ ಹರಿಸಿದ ನೀರಿನಿಂದ ಸವಳು ಹಿಡಿದು ಬೆಳ್ಳಗಾದ ಹೊಲಗಳಿವೆ. ಜತ್ತದಲ್ಲಿ ಕಾಲುವೆ ತಲುಪುವ ಮೊದಲೇ ಬಸಿಗಾಲುವೆಯ ಎಂಜಿನಿಯರ್, ಮಣ್ಣಿನ ರಸಾಯನ ಬಲ್ಲವರು, ಬೆಲೆಯ ಲೆಕ್ಕ ಬಲ್ಲವರು, ನೀರಿನ ಪಾಳಿ ಹಂಚುವ ಊರ ಹಿರಿಯರು ಒಟ್ಟಿಗೆ ಕೂರಬೇಕು. ಸೊಲ್ಲಾಪುರ ಮತ್ತು ವಿಜಯಪುರದ ಕೇಂದ್ರಗಳಿಗೆ 1933ರಿಂದ ಈ ಮಣ್ಣಿನ ಪರಿಚಯವಿದೆ. ಅವು ಇಂದು ಹೈದರಾಬಾದಿನ ಮೂಲಕ ಮಾತಾಡುತ್ತವೆ. ಜತ್ತದಲ್ಲಿ ನೇರವಾಗಿ ಮಾತಾಡಬಹುದು. ಸಂಖದ ಬಳಿ ಅರ್ಧ ಎರೆ, ಅರ್ಧ ಮಡ್ಡಿ ಇರುವ ರೈತರ ಹೊಲವೊಂದನ್ನು ಎರಡೂ ವಿಶ್ವವಿದ್ಯಾಲಯಗಳು ಕೂಡಿ ಗುತ್ತಿಗೆ ಹಿಡಿಯಲಿ. ಒಂದು ಭಾಗ ಹಸ್ತದ ಮಳೆಗೆ ಬಿತ್ತಿದ ಮಾಲದಂಡಿ, ಒಂದು ಭಾಗ ಕಾಲುವೆ ನೀರಿನ ಬೆಳೆ. ಮಣ್ಣಿನ ಉಪ್ಪು, ತೇವ, ಕಾಳು, ಕಣಕಿ, ಮನೆಯ ಜಮಾಖರ್ಚು ಎಲ್ಲವನ್ನೂ ಒಂದೇ ವಹಿಯಲ್ಲಿ, ಕನ್ನಡ ಮರಾಠಿ ಎರಡರಲ್ಲೂ ಬರೆಯಲಿ. ಬರೆಯಲು ಊರಿನದೇ ತರುಣ ತರುಣಿಯರನ್ನು ನೇಮಿಸಲಿ, ಕನಿಷ್ಠ ಹದಿನೈದು ವರ್ಷಕ್ಕೆ.